ಇಳಿಯೋದು ಸುಲಭ, ಮೇಲೆ ಬರೋದೇ ವಿದ್ಯೆ

(ಹೊನ್ನಾವರದ ಕಾಲೇಜೊಂದರಲ್ಲಿ ವಿಜ್ಞಾನ ಓದುವ ಮಕ್ಕಳ ಮುಂದೆ ಆಡಿದ ಮಾತುಗಳ ಬರಹ ರೂಪ. ಮಾತಿನ ಭರದಲ್ಲಿ ಬಿಟ್ಟುಹೋದ ಕೆಲವು ಅಂಕಿಗಳನ್ನು ಇಲ್ಲಿ ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನೀರಿನೊಳಗೆ ಇಳಿಯುವುದು ದೊಡ್ಡ ಕೆಲಸವೇ ಅಲ್ಲ. ಸೊಂಟಕ್ಕೆ ಒಂದಿಷ್ಟು ಸೀಸ ಕಟ್ಟಿಕೊಂಡರೆ ಯಾರು ಬೇಕಾದರೂ ತಳ ಮುಟ್ಟಬಹುದು. ಮೇಲೆ ಬರುವುದೇ ವಿದ್ಯೆ. ಕಳೆದ ಇನ್ನೂರು ವರ್ಷಗಳಲ್ಲಿ ಡೈವಿಂಗ್‌ಗೆ ಅಂತ ಜನ ಕಂಡುಹಿಡಿದ ಸಾಮಾನುಗಳನ್ನು ಒಂದೊಂದಾಗಿ ನೋಡುತ್ತಾ ಬನ್ನಿ, ಬಹುಪಾಲು ಹುಟ್ಟಿದ್ದು ಕೆಳಗೆ ಹೋದವನನ್ನು ಜೀವಂತವಾಗಿ ವಾಪಸ್ ತರುವುದಕ್ಕೆ. ಇವತ್ತು ನಾನು ಹೇಳಬೇಕಾಗಿರುವುದು ಅದೊಂದೇ.

ಇಲ್ಲಿಂದ ಮುರುಡೇಶ್ವರ ಎಷ್ಟು ದೂರ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅಲ್ಲಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್ ಹೋದರೆ ನೇತ್ರಾಣಿ. ದ್ವೀಪ ನೋಡಿದವರು ಕೈ ಎತ್ತಿ ಅಂದೆ, ಒಂದಷ್ಟು ಕೈ ಎದ್ದವು. ನೀರಿಗೆ ಇಳಿದವರು? ಹಿಂದಿನ ಬೆಂಚಿನಲ್ಲಿ ಒಬ್ಬಳೇ ಹುಡುಗಿ. ಇದು ನನಗೆ ನಿಜವಾಗಿಯೂ ಬೇಜಾರಿನ ವಿಷಯ. ಸೀಸನ್ ಶುರುವಾದರೆ ಬೆಂಗಳೂರಿನಿಂದ ಜನ ರಾತ್ರಿಯೆಲ್ಲ ಬಸ್ಸಲ್ಲಿ ಕೂತು ಬಂದು ನೇತ್ರಾಣಿಯ ಹವಳ, ಗಿಳಿಮೀನು, ಆಮೆ ನೋಡಿಕೊಂಡು ಹೋಗುತ್ತಾರೆ. ಅಪ್ಪ, ಅಜ್ಜ ಎಲ್ಲ ಅದೇ ಸಮುದ್ರದಲ್ಲಿ ಬಲೆ ಬಿಟ್ಟ ಮನೆಯ ಮಕ್ಕಳು ನೀವು, ನೀರಿನ ಕೆಳಗೆ ಏನಿದೆ ಅಂತ ಒಂದು ಸಲವೂ ನೋಡಿಲ್ಲ. ನಿಮ್ಮಲ್ಲಿ ನಾಲ್ಕು ಜನರಿಗಾದರೂ ಇದನ್ನು ಕಲಿಯುವ ಆಸೆ ಹುಟ್ಟಿದರೆ ನಾನು ಬಂದಿದ್ದಕ್ಕೂ ಸಾರ್ಥಕ.

ಮೊದಲು ಒತ್ತಡದ ವಿಷಯ. ಉಳಿದಿದ್ದೆಲ್ಲ ಅದರ ಮೇಲೇ ನಿಂತಿದೆ.

ಈಗ ಈ ಹಾಲ್‌ನಲ್ಲಿ ಕೂತಿರುವ ನಮ್ಮ ಮೈಮೇಲೆ ಗಾಳಿ ಪ್ರತಿ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಭಾರ ಹಾಕುತ್ತಿದೆ. ಹುಟ್ಟಿದಾಗಿನಿಂದ ಅದರಲ್ಲೇ ಇರುವುದರಿಂದ ನಮಗೆ ಗೊತ್ತಾಗುವುದಿಲ್ಲ. ಸಮುದ್ರದಲ್ಲಿ 10 ಮೀಟರ್ ಇಳಿದರೆ ಸಾಕು, ಅಷ್ಟೇ ಭಾರ ಇನ್ನೊಂದು ಸೇರುತ್ತದೆ. 20 ಮೀಟರಿನಲ್ಲಿ ಮೂರು ಪಟ್ಟು, 30ರಲ್ಲಿ ನಾಲ್ಕು ಪಟ್ಟು. ನಮ್ಮ ಮಾಂಸ, ಮೂಳೆ, ರಕ್ತಕ್ಕೆ ಇದರಿಂದ ಏನೂ ಆಗುವುದಿಲ್ಲ, ಅವೆಲ್ಲ ಹೆಚ್ಚುಕಡಿಮೆ ನೀರೇ. ತೊಂದರೆ ಗಾಳಿ ಇರುವ ಜಾಗಗಳಿಗೆ. ಕಿವಿಯ ಒಳಗೆ, ಮೂಗಿನ ಪಕ್ಕದ ಸೈನಸ್‌ನಲ್ಲಿ, ಮಾಸ್ಕ್‌ನೊಳಗೆ, ಎಲ್ಲಕ್ಕಿಂತ ಮುಖ್ಯವಾಗಿ ಶ್ವಾಸಕೋಶದಲ್ಲಿ. ಕೆರೆಯಲ್ಲಿ ಮುಳುಗಿ ಆಡಿದವರಿಗೆ ಎರಡು ಮೂರು ಮೀಟರ್ ಹೋಗುತ್ತಿದ್ದಂತೆ ಕಿವಿ ನೋಯುವುದು ಗೊತ್ತಿರುತ್ತದೆ, ಅಲ್ವಾ? ಮೂಗು ಹಿಡಿದು ಮೆಲ್ಲಗೆ ಊದಿದರೆ ಗಂಟಲಿನ ಕಡೆಯಿಂದ ಗಾಳಿ ಹೋಗಿ ಕಿವಿಯೊಳಗಿನ ಒತ್ತಡ ಹೊರಗಿನದಕ್ಕೆ ಸಮ ಆಗುತ್ತದೆ. ನೋವು ಬರುವ ಮೊದಲೇ ಊದಬೇಕು, ಬಂದ ಮೇಲೆ ಜೋರಾಗಿ ಊದಿದರೆ ಕಿವಿಗೇ ಪೆಟ್ಟು.

ಹಳೇ ಸಿನಿಮಾಗಳಲ್ಲಿ ಹೀರೋ ಹೊಳೆಯಲ್ಲಿ ಮುಳುಗಿ ಕೂತು ಬಿದಿರಿನ ಕೊಳವೆಯಿಂದ ಉಸಿರಾಡುತ್ತಾನೆ. ಒಂದು ಗೇಣು ಆಳದಲ್ಲಿ ಅದು ನಡೆಯುತ್ತದೆ. ಒಂದು ಮೀಟರ್ ಕೆಳಗೆ ಹೋಗಿ ನೋಡಿ. ಎದೆಯ ಪ್ರತಿ ಚದರ ಸೆಂಟಿಮೀಟರಿನ ಮೇಲೂ ನೀರು 100 ಗ್ರಾಂ ಒತ್ತುತ್ತಿರುತ್ತದೆ, ಇಡೀ ಎದೆಗೆ ಲೆಕ್ಕ ಹಾಕಿದರೆ ಹತ್ತಾರು ಕಿಲೋ ಆಯಿತು. ಕೊಳವೆಯಲ್ಲಿ ಬರುವುದು ಮಾತ್ರ ಮೇಲಿನ ಸಾದಾ ಗಾಳಿ. ಅಷ್ಟು ಭಾರ ಎತ್ತಿ ಉಸಿರು ಎಳೆಯುವ ಶಕ್ತಿ ನಮ್ಮ ಎದೆಗಿಲ್ಲ. ಹಾಗಾಗಿ ಎಷ್ಟು ಆಳದಲ್ಲಿ ಇದ್ದೇವೋ ಅಷ್ಟೇ ಒತ್ತಡದ ಗಾಳಿ ಬಾಯಿಗೆ ಬರಬೇಕು. ಜಾಸ್ತಿಯೂ ಆಗಬಾರದು, ಕಡಿಮೆಯೂ ಆಗಬಾರದು. ಆಳ ಬದಲಾದ ಹಾಗೆ ಅದೂ ಬದಲಾಗಬೇಕು. ಇಷ್ಟು ಮಾಡುವ ಒಂದು ಉಪಕರಣಕ್ಕೆ ಮನುಷ್ಯ ಬಹಳ ಕಾಲ ಕಾದ.

1830ರ ದಶಕದಲ್ಲಿ ಲಂಡನ್ನಿನ ಆಗಸ್ಟಸ್ ಸೀಬ್ ತಾಮ್ರದ ಹೆಲ್ಮೆಟ್ ಇರುವ ಡ್ರೆಸ್ ಮಾಡಿದ. ದೋಣಿಯಲ್ಲಿ ಆಳುಗಳು ಪಂಪು ತಿರುಗಿಸುತ್ತಾ ಇರಬೇಕು, ಪೈಪಿನಲ್ಲಿ ಗಾಳಿ ಕೆಳಗೆ ಹೋಗುತ್ತಾ ಇರುತ್ತದೆ. ಕೆಲಸಕ್ಕೆ ಅದು ಚೆನ್ನಾಗಿಯೇ ಇತ್ತು, ಆದರೆ ಪೈಪು ಎಷ್ಟು ಉದ್ದವೋ ಮನುಷ್ಯನ ಓಡಾಟ ಅಷ್ಟೇ. 1860ರ ದಶಕದಲ್ಲಿ ಫ್ರಾನ್ಸಿನ ರೂಕೈರೋಲ್ ಮತ್ತು ದೆನೇರೂಜ್ ಎಂಬ ಇಬ್ಬರು ಉಸಿರು ಎಳೆದಾಗ ಮಾತ್ರ ಗಾಳಿ ಕೊಡುವ ಸಾಧನ ಮಾಡಿದರು. ಉಪಾಯವೇನೋ ಸರಿ, ಜಾಸ್ತಿ ಒತ್ತಡದ ಗಾಳಿ ತುಂಬಿಡುವ ಗಟ್ಟಿ ಸಿಲಿಂಡರ್ ಆಗ ಇರಲಿಲ್ಲ.

ಆಮೇಲೆ ಎರಡನೇ ಮಹಾಯುದ್ಧ. ಜರ್ಮನ್ನರ ಕೈಯಲ್ಲಿದ್ದ ಪ್ಯಾರಿಸ್‌ನಲ್ಲಿ ಪೆಟ್ರೋಲ್ ಸಿಗುತ್ತಿರಲಿಲ್ಲ, ಜನ ಕಾರುಗಳನ್ನು ಗ್ಯಾಸಿನ ಮೇಲೆ ಓಡಿಸುತ್ತಿದ್ದರು. ಏರ್ ಲಿಕ್ವಿಡ್ ಕಂಪನಿಯ ಇಂಜಿನಿಯರ್ ಎಮಿಲ್ ಗಾನ್ಯಾ ಅದಕ್ಕೆ ಬೇಕಾದ ವಾಲ್ವ್ ಮಾಡುತ್ತಿದ್ದವರು: ಇಂಜಿನ್ ಕೇಳಿದಷ್ಟೇ ಗ್ಯಾಸ್ ಬಿಡಬೇಕು. ನೌಕಾಪಡೆಯ ಅಧಿಕಾರಿ ಜಾಕ್ ಕುಸ್ತೋ ಅವರ ಹತ್ತಿರ ಹೋಗಿ ಮನುಷ್ಯನಿಗೆ ಇಂಥದ್ದು ಬೇಕು ಎಂದರು. 1943ರ ಆರಂಭದಲ್ಲಿ ಮಾರ್ನ್ ನದಿಯ ತಣ್ಣೀರಿನಲ್ಲಿ ಮೊದಲ ಪರೀಕ್ಷೆ. ನೀರಿನಲ್ಲಿ ಅಡ್ಡಡ್ಡ ಮಲಗಿದಂತೆ ಈಜಿದರೆ ಉಸಿರು ಸರಾಗ. ನಿಂತರೆ ಗಾಳಿ ಸುಮ್ನೆ ಸೋರಿಹೋಗುತ್ತಿತ್ತು, ತಲೆಕೆಳಗಾದರೆ ಉಸಿರೇ ಸಿಗುತ್ತಿರಲಿಲ್ಲ. ಯಾಕೆ ಅಂದರೆ ಗಾಳಿ ಒಳಗೆ ಬರುವ ಜಾಗಕ್ಕೂ ಹೊರಗೆ ಹೋಗುವ ಜಾಗಕ್ಕೂ ಗೇಣಿಗಿಂತ ಕಡಿಮೆ ಅಂತರ ಇತ್ತು. ಅಷ್ಟು ಎತ್ತರ ವ್ಯತ್ಯಾಸಕ್ಕೇ ನೀರಿನ ಒತ್ತಡ ಬೇರೆ ಬೇರೆ! ಎರಡನ್ನೂ ಒಂದೇ ಮಟ್ಟಕ್ಕೆ ತಂದರು, ಸಮಸ್ಯೆ ಮುಗಿಯಿತು. ಅವತ್ತು ಹುಟ್ಟಿದ್ದೇ ಅಕ್ವಾಲಂಗ್. ಇವತ್ತು ಮುರುಡೇಶ್ವರದಲ್ಲಿ ನಿಮ್ಮ ಬಾಯಿಗೆ ಕೊಡುವ ರೆಗ್ಯುಲೇಟರ್ ಅದರ ಮೊಮ್ಮಗು.

ವೇದಿಕೆಯ ಮೇಲೆ ಅದನ್ನು ಬಿಚ್ಚಿ ತೋರಿಸಿದೆ, ಬರಹದಲ್ಲಿ ಹೇಳಲು ನೋಡುತ್ತೇನೆ. ಸಿಲಿಂಡರಿನಲ್ಲಿ ಗಾಳಿ 200 ಬಾರ್ ಒತ್ತಡದಲ್ಲಿ ಇರುತ್ತದೆ (ಒಂದು ಬಾರ್ ಅಂದರೆ ದಡದಲ್ಲಿ ನಮ್ಮ ಮೈಮೇಲೆ ಇರುವ ಗಾಳಿಯ ಒತ್ತಡದಷ್ಟು, ಹೆಚ್ಚುಕಡಿಮೆ). ಸಿಲಿಂಡರಿನ ಕುತ್ತಿಗೆಗೆ ಕೂರುವ ಮೊದಲ ಭಾಗ ಅದನ್ನು ಸುತ್ತಲಿನ ನೀರಿಗಿಂತ ಸುಮಾರು 10 ಬಾರ್ ಜಾಸ್ತಿ ಇರುವಷ್ಟಕ್ಕೆ ಇಳಿಸುತ್ತದೆ. ಅಲ್ಲಿಂದ ಪೈಪಿನಲ್ಲಿ ಬಾಯಿಯ ಹತ್ತಿರದ ಡಬ್ಬಿಗೆ. ಆ ಡಬ್ಬಿಯೊಳಗೆ ಅಂಗೈ ಅಗಲದ ಒಂದು ತೆಳು ರಬ್ಬರ್ ಪೊರೆ. ಪೊರೆಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ನಿಮ್ಮ ಬಾಯಿ. ನೀವು ಉಸಿರು ಎಳೆದ ತಕ್ಷಣ ಪೊರೆ ಒಳಕ್ಕೆ ಬಗ್ಗುತ್ತದೆ, ಬಗ್ಗಿ ಒಂದು ಸಣ್ಣ ಸನ್ನೆಯನ್ನು ಒತ್ತುತ್ತದೆ, ಸನ್ನೆ ವಾಲ್ವ್ ತೆರೆಯುತ್ತದೆ, ಗಾಳಿ ನುಗ್ಗುತ್ತದೆ. ಒಳಗಿನ ಒತ್ತಡ ಹೊರಗಿನ ನೀರಿಗೆ ಸಮ ಆಗುತ್ತಿದ್ದಂತೆ ಪೊರೆ ತನ್ನ ಜಾಗಕ್ಕೆ ಬರುತ್ತದೆ, ವಾಲ್ವ್ ಮುಚ್ಚುತ್ತದೆ. ಬಿಟ್ಟ ಉಸಿರು ಇನ್ನೊಂದು ತೆಳು ರಬ್ಬರಿನ ಸಂದಿಯಿಂದ ಗುಳ್ಳೆಯಾಗಿ ಹೊರಗೆ. ಬ್ಯಾಟರಿ ಇಲ್ಲ, ವೈರ್ ಇಲ್ಲ. ಎಷ್ಟು ಆಳ ಅಂತ ಅಳೆಯುವ ಕೆಲಸವನ್ನು ಸಮುದ್ರವೇ ಪೊರೆಯನ್ನು ಒತ್ತಿ ಮಾಡಿಕೊಡುತ್ತದೆ. ಮನುಷ್ಯ ಮಾಡಿದ ಸಾಧನಗಳಲ್ಲಿ ಇಷ್ಟು ಸರಳ, ಇಷ್ಟು ನಂಬಿಕಸ್ತ ಆದದ್ದು ಕಡಿಮೆ ಎಂದು ನಾನು ಪೂರ್ತಿ ನಂಬಿಕೆಯಿಂದ ಹೇಳುತ್ತೇನೆ.

ಇದಕ್ಕೆ ಬೆಲೆಯೂ ಇದೆ. 12 ಲೀಟರಿನ ಸಿಲಿಂಡರಿಗೆ 200 ಬಾರ್ ತುಂಬಿದರೆ 2400 ಲೀಟರ್ ಸಾದಾ ಗಾಳಿ. ನಿಮಿಷಕ್ಕೆ 20 ಲೀಟರ್ ಉಸಿರಾಡುವವನಿಗೆ ದಡದಲ್ಲಿ ಎರಡು ಗಂಟೆ ಬರುತ್ತದೆ. 10 ಮೀಟರ್ ಆಳದಲ್ಲಿ ಪ್ರತಿ ಉಸಿರಿಗೂ ಎರಡರಷ್ಟು ಗಾಳಿ ಬೇಕು, ಒಂದೇ ಗಂಟೆ. 30 ಮೀಟರಿನಲ್ಲಿ ಅರ್ಧ ಗಂಟೆ. ಅದನ್ನೂ ಪೂರ್ತಿ ಬಳಸುವ ಹಾಗಿಲ್ಲ, ಮೇಲೆ ಬರುವ ದಾರಿಗೆ ಮತ್ತು ಜೊತೆಗಾರನಿಗೆ ಕೊಡಬೇಕಾಗಿ ಬಂದರೆ ಅಂತ 50 ಬಾರ್ ಉಳಿಸಿಕೊಳ್ಳಲೇಬೇಕು.

ಈಗ ಮೊದಲ ನಿಯಮ. ಡೈವಿಂಗ್ ಕಲಿಸುವವರು ಯಾವ ದೇಶದಲ್ಲಿದ್ದರೂ ಮೊದಲ ದಿನ ಹೇಳುವ ಮಾತು: ಉಸಿರು ಹಿಡಿಯಬೇಡಿ. ಕೆರೆಯಲ್ಲಿ ಮುಳುಗುವಾಗ ನಾವು ಉಸಿರು ಹಿಡಿದೇ ಕಲಿತವರು, ಇಲ್ಲಿ ಅದೇ ಅಭ್ಯಾಸ ಕೊಲ್ಲುತ್ತದೆ. 10 ಮೀಟರ್ ಆಳದಲ್ಲಿ ಎದೆ ತುಂಬಾ ಎಳೆದುಕೊಂಡ ಗಾಳಿ ನೀರಿನ ಮೇಲೆ ಬರುವಷ್ಟರಲ್ಲಿ ಎರಡರಷ್ಟಾಗುತ್ತದೆ. ಬಾಯಿ ಮುಚ್ಚಿದ್ದರೆ ಅದು ಶ್ವಾಸಕೋಶವನ್ನು ಹರಿದು ರಕ್ತಕ್ಕೆ ಸೇರಬಹುದು, ಅಲ್ಲಿಂದ ಮಿದುಳಿಗೆ. ಈಜುಕೊಳದಷ್ಟು ಆಳದಲ್ಲೂ ಇದು ಆಗಬಹುದು. ಹೆದರಿಸಲು ಹೇಳುತ್ತಿಲ್ಲ. ಮೇಲೆ ಬರುವಾಗ ಮಾಮೂಲಿಯಾಗಿ ಉಸಿರಾಡುತ್ತಾ ಬಂದರೆ ಈ ಅಪಾಯ ಹತ್ತಿರಕ್ಕೂ ಬರುವುದಿಲ್ಲ.

ಎರಡನೇ ವಿಷಯ ಇನ್ನೂ ಸೂಕ್ಷ್ಮ. ಅದನ್ನು ಅರ್ಥ ಮಾಡಿಕೊಳ್ಳಲು ನೂರಾರು ಜನ ಸಾಯಬೇಕಾಯಿತು.

ನಾವು ಉಸಿರಾಡುವ ಗಾಳಿಯಲ್ಲಿ ಐದರಲ್ಲಿ ನಾಲ್ಕು ಪಾಲು ಸಾರಜನಕ. ದಡದಲ್ಲಿ ಅದು ಬಂದ ಹಾಗೆ ಹೋಗುತ್ತದೆ. ಒತ್ತಡದಲ್ಲಿ ಉಸಿರಾಡಿದರೆ ಅದು ರಕ್ತದಲ್ಲಿ, ಕೊಬ್ಬಿನಲ್ಲಿ, ಕೀಲುಗಳಲ್ಲಿ ಕರಗುತ್ತಾ ಹೋಗುತ್ತದೆ. ಆಳ ಜಾಸ್ತಿ ಆದಷ್ಟು, ಹೊತ್ತು ಜಾಸ್ತಿ ಆದಷ್ಟು ಕರಗುವುದೂ ಜಾಸ್ತಿ. ಕೆಳಗೆ ಇರುವವರೆಗೆ ಏನೂ ಗೊತ್ತಾಗುವುದಿಲ್ಲ. ಸರ್ರನೆ ಮೇಲೆ ಬಂದಿರೋ, ಗೋಲಿ ಸೋಡಾದ ಗೋಲಿ ಒತ್ತಿದಾಗ ಏನಾಗುತ್ತದೋ ಅದೇ ಮೈಯೊಳಗೆ ಆಗುತ್ತದೆ. ಗುಳ್ಳೆ ಕೀಲಿನಲ್ಲಿ ಆದರೆ ತಡೆಯಲಾಗದ ನೋವು, ಬೆನ್ನುಹುರಿಯಲ್ಲಿ ಆದರೆ ಸೊಂಟದ ಕೆಳಗೆ ಸ್ವಾಧೀನ ಇಲ್ಲ.

ಇದನ್ನು ಮೊದಲು ದೊಡ್ಡ ಪ್ರಮಾಣದಲ್ಲಿ ಅನುಭವಿಸಿದವರು ಡೈವರ್‌ಗಳಲ್ಲ, ಸೇತುವೆ ಕಟ್ಟುವ ಕೂಲಿಗಳು. ನದಿಯ ತಳದಲ್ಲಿ ಕಂಬದ ಅಡಿಪಾಯ ಅಗೆಯಲು ಬೋರಲು ಹಾಕಿದ ದೊಡ್ಡ ಪೆಟ್ಟಿಗೆಯೊಳಗೆ ಗಾಳಿ ಒತ್ತಿ ತುಂಬಿ, ನೀರು ಬರದ ಹಾಗೆ ಮಾಡಿ, ಒಳಗೆ ಕೆಲಸ ಮಾಡಿಸುತ್ತಿದ್ದರು. ನ್ಯೂಯಾರ್ಕಿನ ಬ್ರೂಕ್ಲಿನ್ ಸೇತುವೆಯ ಮುಖ್ಯ ಇಂಜಿನಿಯರ್ ವಾಷಿಂಗ್ಟನ್ ರೋಬ್ಲಿಂಗ್ ಅವರಿಗೇ 1872ರಲ್ಲಿ ಇದು ಬಡಿಯಿತು. ಆಮೇಲೆ ಅವರು ಮನೆಯ ಕಿಟಕಿಯಿಂದಲೇ ಕೆಲಸ ನೋಡಿಕೊಂಡರು, ಹೆಂಡತಿ ಎಮಿಲಿ ಅವರ ಸೂಚನೆಗಳನ್ನು ಇಂಜಿನಿಯರುಗಳಿಗೆ ಮುಟ್ಟಿಸುತ್ತಿದ್ದರು. 1883ರಲ್ಲಿ ಸೇತುವೆ ತೆರೆಯಿತು. ಅಷ್ಟು ಹೊತ್ತಿಗಾಗಲೇ, 1878ರಲ್ಲಿ, ಪಾಲ್ ಬೆರ್ ಎಂಬ ಫ್ರೆಂಚ್ ವಿಜ್ಞಾನಿ ಇದು ಸಾರಜನಕದ ಗುಳ್ಳೆಯ ಕೆಲಸ ಎಂದು ತೋರಿಸಿಕೊಟ್ಟಿದ್ದರು.

ಕಾರಣ ಗೊತ್ತಾಯಿತು, ಮೇಲೆ ಬರುವುದು ಹೇಗೆ ಅಂತ ಗೊತ್ತಾಗಲು ಇನ್ನೂ ಮೂವತ್ತು ವರ್ಷ. ಬ್ರಿಟಿಷ್ ನೌಕಾಪಡೆಗಾಗಿ ಜಾನ್ ಸ್ಕಾಟ್ ಹಾಲ್ಡೇನ್ ಆಡುಗಳನ್ನು ಒತ್ತಡದ ಕೋಣೆಯಲ್ಲಿಟ್ಟು ಪರೀಕ್ಷೆ ಮಾಡಿದರು. ನೋವು ಬಂದ ಆಡು ಮುಂಗಾಲು ಎತ್ತಿ ಹಿಡಿಯುತ್ತಿತ್ತು, ಗುರುತು ಅದೇ. ಒತ್ತಡವನ್ನು ಒಮ್ಮೆಗೆ ಅರ್ಧದಷ್ಟು ಇಳಿಸಿದರೆ ಮೈ ಸಾಮಾನ್ಯವಾಗಿ ತಡೆದುಕೊಳ್ಳುತ್ತದೆ ಎಂಬುದು ಅವರಿಗೆ ಹೊಳೆದ ಸೂತ್ರ. ಜೊತೆಗೆ ಇನ್ನೊಂದು ಒಳ್ಳೆಯ ವಿಚಾರ: ಮೈಯ ಎಲ್ಲ ಭಾಗವೂ ಒಂದೇ ವೇಗದಲ್ಲಿ ಸಾರಜನಕ ಕುಡಿಯುವುದಿಲ್ಲ, ಬಿಡುವುದೂ ಇಲ್ಲ. ಅದಕ್ಕೇ ಅವರು ಮೈಯನ್ನು ಲೆಕ್ಕಕ್ಕೆ ಐದು ಭಾಗ ಮಾಡಿಕೊಂಡರು, ಕೆಲವು ಬೇಗ ತುಂಬುವವು, ಕೆಲವು ನಿಧಾನ. 1908ರಲ್ಲಿ ಅವರ ಕೋಷ್ಟಕ ಪ್ರಕಟ ಆಯಿತು. ಇಷ್ಟು ಆಳ, ಇಷ್ಟು ನಿಮಿಷ, ಹಾಗಾದರೆ ಬರುವಾಗ ಇಲ್ಲಿ ಇಷ್ಟು ಹೊತ್ತು ನಿಲ್ಲು, ಅಲ್ಲಿ ಇಷ್ಟು ಹೊತ್ತು ನಿಲ್ಲು.

ಇವತ್ತು ಡೈವರ್ ಕೈಗೆ ಕಟ್ಟುವ ಗಡಿಯಾರದಂಥ ಕಂಪ್ಯೂಟರ್ ಮಾಡುವುದು ಇದೇ ಲೆಕ್ಕ. ಜನ ಜಾಸ್ತಿ ಬಳಸುವ ಒಂದು ಸೂತ್ರ ಸ್ವಿಟ್ಜರ್ಲೆಂಡಿನ ಆಲ್ಬರ್ಟ್ ಬ್ಯೂಲ್ಮನ್ ಅವರದು, ಅದರಲ್ಲಿ ಐದರ ಬದಲು ಹದಿನಾರು ಭಾಗ. ಕಂಪ್ಯೂಟರ್ ಕೆಲವೇ ಸೆಕೆಂಡಿಗೊಮ್ಮೆ ಒತ್ತಡ ಅಳೆದು ಹದಿನಾರಕ್ಕೂ ಲೆಕ್ಕ ಹಾಕಿ, ಇನ್ನು ಎಷ್ಟು ನಿಮಿಷ ಇಲ್ಲಿರಬಹುದು ಅಂತ ತೋರಿಸುತ್ತದೆ. ನಿಮಿಷಕ್ಕೆ 9 ಮೀಟರಿಗಿಂತ ವೇಗವಾಗಿ ಬಂದರೆ ಕಿರುಚುತ್ತದೆ. 5 ಮೀಟರಿನಲ್ಲಿ ಮೂರು ನಿಮಿಷ ನಿಲ್ಲಿಸುತ್ತದೆ. ಮೇಲೆ ದೋಣಿ ಕಾಣುತ್ತಿರುತ್ತದೆ, ಬಿಸಿಲು ಕಾಣುತ್ತಿರುತ್ತದೆ, ಆದರೂ ಹಗ್ಗ ಹಿಡಿದು ನಿಲ್ಲಬೇಕು.

ಇದೆಲ್ಲ ಇದ್ದೂ ಇವತ್ತಿಗೂ ಬಡವರ ಮೈಗೆ ಇದು ತಟ್ಟುತ್ತಿದೆ. ಹೊಂಡುರಾಸ್ ದೇಶದ ಕರಾವಳಿಯ ಮಿಸ್ಕಿಟೊ ಜನ ಲಾಬ್ಸ್ಟರ್ ಹಿಡಿಯಲು ದೋಣಿ ಮಾಲೀಕರಿಗಾಗಿ ಸಿಲಿಂಡರ್ ಮೇಲೆ ಸಿಲಿಂಡರ್ ಬದಲಿಸುತ್ತಾ ಮುಳುಗುತ್ತಾರೆ. ತರಬೇತಿ ಇಲ್ಲ, ಕಂಪ್ಯೂಟರ್ ಇಲ್ಲ. ಎಷ್ಟೋ ಜನ ಪ್ರಾಯದಲ್ಲೇ ಕಾಲಿನ ಸ್ವಾಧೀನ ಕಳೆದುಕೊಂಡಿದ್ದಾರೆ. 42 ಮಂದಿಯ ವಿಷಯ ಅಮೆರಿಕ ಖಂಡಗಳ ಮಾನವ ಹಕ್ಕುಗಳ ನ್ಯಾಯಾಲಯದವರೆಗೆ ಹೋಗಿ 2021ರಲ್ಲಿ ಸರ್ಕಾರ ಜವಾಬ್ದಾರಿ ಒಪ್ಪಿಕೊಳ್ಳಬೇಕಾಯಿತು. ನಮ್ಮಲ್ಲೂ ಬಣ್ಣ ಹೊಡೆಯುವ ಕಂಪ್ರೆಸರಿಗೆ ಪೈಪು ಸಿಕ್ಕಿಸಿ ಯಾರಾದರೂ ನೀರಿಗೆ ಇಳಿಯುವುದನ್ನು ಕಂಡರೆ ದಯವಿಟ್ಟು ತಡೆಯಿರಿ. ಇಂಜಿನ್ ಹೊಗೆ ಪೈಪಿಗೆ ಸೇರಬಹುದು, ಎಷ್ಟು ಆಳ ಎಷ್ಟು ಹೊತ್ತು ಎಂಬ ಲೆಕ್ಕ ಯಾರಲ್ಲೂ ಇರುವುದಿಲ್ಲ.

ಗುಳ್ಳೆ ಕಾಯಿಲೆ ಬಂದವರಿಗೆ ಮೊದಲ ಚಿಕಿತ್ಸೆ ಶುದ್ಧ ಆಮ್ಲಜನಕ. ಆಮೇಲೆ ಒತ್ತಡದ ಕೋಣೆಯಲ್ಲಿ ಮತ್ತೆ 18 ಮೀಟರಿಗೆ ಸಮನಾದ ಒತ್ತಡಕ್ಕೆ ಒಯ್ದು, ಹತ್ತಿರ ಹತ್ತಿರ ಐದು ಗಂಟೆ ಹೊತ್ತು ಮೆಲ್ಲಗೆ ತರುತ್ತಾರೆ. ಎಲ್ಲೇ ಡೈವ್ ಮಾಡುವ ಮೊದಲೂ ಎರಡು ಪ್ರಶ್ನೆ ಕೇಳಿ: ದೋಣಿಯಲ್ಲಿ ಆಮ್ಲಜನಕ ಇದೆಯಾ? ಇಲ್ಲಿಗೆ ಹತ್ತಿರದ ಛೇಂಬರ್, ಅಂದರೆ ಆ ಒತ್ತಡದ ಕೋಣೆ, ಯಾವ ಊರಲ್ಲಿ? ಉತ್ತರ ತಡವರಿಸಿದರೆ ಅಲ್ಲಿ ಇಳಿಯಬೇಡಿ, ರೇಟು ಎಷ್ಟೇ ಕಡಿಮೆ ಇರಲಿ.

ಕೆಳಗೆ ಹೋದ ಮೇಲೆ ನೋಡುವುದು ಹೇಗೆ? ನೀರು ಮೊದಲು ಕೆಂಪು ಬಣ್ಣ ನುಂಗುತ್ತದೆ. ಹತ್ತು ಮೀಟರ್ ದಾಟುವಷ್ಟರಲ್ಲಿ ಕೆಂಪು ಮೀನು ಕಂದು ಬಣ್ಣಕ್ಕೆ ತಿರುಗಿರುತ್ತದೆ, ಇನ್ನೂ ಆಳದಲ್ಲಿ ಕೈ ಕೊಯ್ದುಕೊಂಡರೆ ರಕ್ತ ಹಸಿರಾಗಿ ಕಾಣುತ್ತದೆ. ಟಾರ್ಚ್ ಹಾಕಿದರೆ ಎಲ್ಲ ಬಣ್ಣವೂ ವಾಪಸ್. ಮೊಬೈಲ್ ಸಿಗ್ನಲ್, ಜಿಪಿಎಸ್ ಯಾವುದೂ ನೀರಿನೊಳಗೆ ಬರುವುದಿಲ್ಲ, ರೇಡಿಯೋ ಅಲೆಗಳನ್ನು ಉಪ್ಪುನೀರು ಬಿಡುವುದೇ ಇಲ್ಲ. ಕೆಲಸಕ್ಕೆ ಬರುವುದು ಶಬ್ದ. ಗಾಳಿಯಲ್ಲಿ ಸೆಕೆಂಡಿಗೆ 340 ಮೀಟರ್ ಹೋಗುವ ಶಬ್ದ ಸಮುದ್ರದಲ್ಲಿ ಸುಮಾರು 1500 ಮೀಟರ್ ಹೋಗುತ್ತದೆ. ಶಬ್ದ ಬಿಟ್ಟು, ಅದು ತಳಕ್ಕೆ ಬಡಿದು ಬರುವ ಹೊತ್ತನ್ನು ಅಳೆದು ಚಿತ್ರ ಬಿಡಿಸುವುದೇ ಸೋನಾರ್. ದೋಣಿಯ ಹಿಂದೆ ಎಳೆದುಕೊಂಡು ಹೋಗುವ ಸೈಡ್ ಸ್ಕ್ಯಾನ್ ಸೋನಾರ್ ಎಡಕ್ಕೂ ಬಲಕ್ಕೂ ತಳವನ್ನು ಗೀಚುತ್ತಾ ಹೋಗುತ್ತದೆ, ಎದ್ದು ನಿಂತ ವಸ್ತುವಿನ ಹಿಂದೆ ನೆರಳು ಬೀಳುತ್ತದೆ, ಆ ನೆರಳನ್ನು ನೋಡಿ ಇದು ಬಂಡೆಯೋ ಹಡಗೋ ಎಂದು ಗುರುತಿಸುತ್ತಾರೆ.

ಸೋನಾರ್ ಇದ್ದರೆ ಎಲ್ಲ ಸಿಗುತ್ತದೆ ಎಂದುಕೊಳ್ಳಬೇಡಿ. ಅದಕ್ಕೆ ನಿಮಗಿಂತ ಚೆನ್ನಾಗಿ ಸಾಕ್ಷಿ ಹೇಳುವವರು ಯಾರೂ ಇಲ್ಲ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ 66ರ ಮೇಲೆ ಗುಡ್ಡ ಕುಸಿದು ಗಂಗಾವಳಿ ನದಿಗೆ ಇಳಿಯಿತು. ಮರದ ದಿಮ್ಮಿ ಹೊತ್ತ ಲಾರಿಯೊಂದು ಚಾಲಕನ ಸಮೇತ ಕಾಣೆ. ನೌಕಾಪಡೆ ಬಂತು, ಸೋನಾರ್ ಬಂತು, ಡ್ರೋನಿಗೆ ಕಟ್ಟಿದ ಶೋಧಕ ಬಂತು, ಮಲ್ಪೆಯಿಂದ ಮುಳುಗು ತಜ್ಞ ಈಶ್ವರ್ ಮಲ್ಪೆ ಬಂದು ಇಳಿದರು. ಮಳೆಗಾಲದ ಹೊಳೆ, ಕೆಸರು, ಗುಡ್ಡದ ಮಣ್ಣು, ಕಲ್ಲು, ಮರ ಎಲ್ಲ ಕಲೆತು ತಳದಲ್ಲಿ ಕೂತಿದೆ. ಎಷ್ಟೋ ದಿನ ನೀರಿನ ಸೆಳೆತಕ್ಕೆ ನೌಕಾಪಡೆಯ ಡೈವರ್‌ಗಳೇ ಇಳಿಯುವ ಹಾಗಿರಲಿಲ್ಲ. ಕೊನೆಗೆ ಗೋವಾದಿಂದ ಡ್ರೆಜ್ಜರ್ ತರಿಸಿ ಮಣ್ಣು ತೆಗೆದ ಮೇಲೆ ಸೆಪ್ಟೆಂಬರ್ 25ಕ್ಕೆ ಲಾರಿ ಮೇಲೆ ಬಂತು.

ಇಂಥ ನೀರಿನಲ್ಲಿ ಕಣ್ಣು ಬಿಟ್ಟರೂ ಒಂದೇ, ಮುಚ್ಚಿದರೂ ಒಂದೇ. ಕೈಯೇ ಕಣ್ಣು. ಕಪ್ಪು ನೀರಿನ ಡೈವಿಂಗ್‌ಗೆ ಬೇರೆಯೇ ಶಿಸ್ತು ಇದೆ. ಡೈವರ್ ಸೊಂಟಕ್ಕೆ ಹಗ್ಗ, ದಡದಲ್ಲಿ ಆ ಹಗ್ಗ ಹಿಡಿಯುವುದಕ್ಕೇ ಒಬ್ಬ, ಒಂದು ಎಳೆತಕ್ಕೆ ಒಂದು ಅರ್ಥ, ಎರಡಕ್ಕೆ ಇನ್ನೊಂದು. ಹಗ್ಗ ಬಿಗಿಯಾಗಿಟ್ಟು ಕಮಾನಿನ ಹಾಗೆ ತಡಕುತ್ತಾ ಹೋಗಬೇಕು, ಒಂದು ಕಮಾನು ಮುಗಿದ ಮೇಲೆ ಹಗ್ಗ ಒಂದು ಮಾರು ಬಿಡಬೇಕು, ಆಗ ಒಂದಡಿ ಜಾಗವೂ ಬಿಟ್ಟುಹೋಗುವುದಿಲ್ಲ. ಮುಖ ಪೂರ್ತಿ ಮುಚ್ಚುವ ಮಾಸ್ಕ್ ಬೇಕು, ಹೊಳೆಯ ನೀರು ಬಾಯಿಗೆ ಹೋಗಬಾರದು. ಇನ್ನೊಬ್ಬ ಡೈವರ್ ಸಾಮಾನು ಕಟ್ಟಿಕೊಂಡು ದಡದಲ್ಲಿ ಕೂತಿರಬೇಕು, ಮೊದಲನೆಯವನಿಗೆ ಏನಾದರೂ ಆದರೆ ಅಂತ. ನಮ್ಮ ಜಿಲ್ಲೆಗಳಲ್ಲಿ ಯಾರಾದರೂ ಹೊಳೆಗೆ ಬಿದ್ದರೆ ಮೊದಲು ಕರೆಯುವುದು ಊರಿನ ಮುಳುಗು ತಜ್ಞರನ್ನು. ಬಹಳ ಜನ ಚಡ್ಡಿ ಬನಿಯನ್ನಿನಲ್ಲಿ, ಉಸಿರು ಹಿಡಿದು, ಮಳೆಗಾಲದ ಹೊಳೆಗೆ ಇಳಿಯುತ್ತಾರೆ. ದುಡ್ಡು ಕೇಳುವುದಿಲ್ಲ. ಅವರ ಧೈರ್ಯಕ್ಕೆ ಶಾಲು ಹೊದಿಸಿ ಫೋಟೋ ತೆಗೆಸಿಕೊಂಡರೆ ಸಾಲದು, ಪ್ರತಿ ಕರಾವಳಿ ತಾಲೂಕಿನಲ್ಲೂ ಅಂಥ ಕೆಲವರಿಗೆ ಈ ಶಿಸ್ತು ಕಲಿಸಿ, ಸಾಮಾನು ಕೊಡಿಸಿ, ವಿಮೆ ಮಾಡಿಸಬೇಕು. ನಾನು ಹೋದಲ್ಲೆಲ್ಲ ಇದನ್ನು ಹೇಳುತ್ತೇನೆ, ಇಲ್ಲೂ ಹೇಳಿದ್ದೇನೆ.

ಇತಿಹಾಸ ಓದುವವರೂ ಹಿಂದೆ ಕೂತಿದ್ದರಿಂದ ಶಿಕಾರಿಪುರ ರಂಗನಾಥ ರಾಯರ ವಿಷಯ ಎತ್ತಿದೆ. ಎಸ್.ಆರ್. ರಾವ್ ಅಂದರೆ ಜಾಸ್ತಿ ಜನಕ್ಕೆ ಗೊತ್ತು. ನಮ್ಮ ಶಿವಮೊಗ್ಗ ಸೀಮೆಯವರು, 1950ರ ದಶಕದಲ್ಲಿ ಗುಜರಾತಿನ ಲೋಥಲ್ ಅಗೆದು ಪ್ರಸಿದ್ಧರಾದವರು. ಅರವತ್ತರ ಹತ್ತಿರದ ವಯಸ್ಸಿನಲ್ಲಿ, ಬೇರೆಯವರು ವಿಶ್ರಾಂತಿ ತೆಗೆದುಕೊಳ್ಳುವ ಹೊತ್ತಿಗೆ, ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯಲ್ಲಿ ಕಡಲ ಪುರಾತತ್ವದ ಕೇಂದ್ರ ಕಟ್ಟಿದರು. 1980ರ ದಶಕದಲ್ಲಿ ದ್ವಾರಕೆಯ ಮತ್ತು ಬೇಟ್ ದ್ವಾರಕೆಯ ಸಮುದ್ರದಲ್ಲಿ ಹುಡುಕಾಟ ನಡೆಸಿದರು. ಭಾರತದಲ್ಲಿ ನೀರಿನ ಕೆಳಗೆ ಪುರಾತತ್ವ ಮಾಡಬಹುದು ಅಂತ ಮಾಡಿ ತೋರಿಸಿದವರೇ ಅವರು.

ಅಲ್ಲಿ ಬೇಕಾದಷ್ಟು ಸಿಕ್ಕಿದ್ದು ಕಲ್ಲಿನ ಲಂಗರು. ಒಂದು ನಮೂನೆಯನ್ನು ಹತ್ತಿರದಿಂದ ನೋಡೋಣ. ತ್ರಿಕೋನದ ದಪ್ಪ ಕಲ್ಲು, ಅದಕ್ಕೆ ಮೂರು ತೂತು. ಮೇಲಿನ ದುಂಡು ತೂತಿಗೆ ಹಗ್ಗ. ಕೆಳಗಿನ ಎರಡು ತೂತು ಚೌಕ, ಅದರಲ್ಲಿ ಮರದ ಗೂಟ ತೂರಿಸಿದರೆ ಗೂಟ ಮರಳಿಗೆ ಕಚ್ಚಿಕೊಳ್ಳುತ್ತದೆ, ಕಲ್ಲು ಭಾರಕ್ಕೆ ಕೂರುತ್ತದೆ. ಗೂಟ ಕೊಳೆತು ಹೋಗಿ ಕಲ್ಲು ಉಳಿದಿದೆ. ಇದರ ಕಾಲ ಯಾವುದು? ರಾಯರು ಬಹಳ ಹಿಂದಕ್ಕೆ, ಮಹಾಭಾರತದ ದ್ವಾರಕೆಯ ಕಡೆಗೆ ಕೊಂಡೊಯ್ದರು. ಅದೇ ಸಂಸ್ಥೆಯಲ್ಲಿ ಅವರ ನಂತರ ಕೆಲಸ ಮಾಡಿದವರು ಇವುಗಳಲ್ಲಿ ಬಹಳಷ್ಟು ಐತಿಹಾಸಿಕ ಕಾಲದವು, ಮಧ್ಯಯುಗದವೂ ಇವೆ ಎಂದರು. ನನಗೆ ಎರಡನೆಯವರ ಮಾತು ಹೆಚ್ಚು ಸರಿ ಅನಿಸುತ್ತದೆ. ಕಲ್ಲಿಗೆ ತಾನಾಗಿ ವಯಸ್ಸು ಹೇಳಲು ಬರುವುದಿಲ್ಲ. ನೆಲದಲ್ಲಿ ಆದರೆ ಪದರದ ಮೇಲೆ ಪದರ ಕೂತಿರುತ್ತದೆ, ಅಕ್ಕಪಕ್ಕದ ಮಡಕೆ ಚೂರು, ಇದ್ದಿಲು ನೋಡಿ ಕಾಲ ಹೇಳಬಹುದು. ಅಲೆ ಬಡಿಯುವ ಆಳವಿಲ್ಲದ ಸಮುದ್ರದಲ್ಲಿ ಸಾವಿರ ವರ್ಷದ್ದೂ ನೂರು ವರ್ಷದ್ದೂ ಒಂದೇ ಮರಳಿನಲ್ಲಿ ಬೆರೆತಿರುತ್ತದೆ. ಇಷ್ಟು ಹೇಳಿದ್ದರಿಂದ ರಾಯರ ದೊಡ್ಡತನ ಒಂದು ಕೂದಲಷ್ಟೂ ಕಡಿಮೆ ಆಗುವುದಿಲ್ಲ. ಇವತ್ತು ನಾವು ವಾದ ಮಾಡುತ್ತಿರುವ ಕಲ್ಲುಗಳನ್ನು ಹುಡುಕಿಸಿದವರೇ ಅವರು. 2025ರ ಫೆಬ್ರುವರಿಯಲ್ಲಿ ಭಾರತೀಯ ಪುರಾತತ್ವ ಇಲಾಖೆಯ ತಂಡ ಮತ್ತೆ ಅಲ್ಲಿ ಇಳಿದಿದೆ, ಆ ತಂಡದಲ್ಲಿ ಹೆಣ್ಣುಮಕ್ಕಳೂ ಇದ್ದರು.

ನೀರಿನ ಕೆಳಗೆ ಸಲಿಕೆ ನಡೆಯುವುದಿಲ್ಲ, ಒಂದು ಸಲ ಕೆದಕಿದರೆ ಎಲ್ಲ ರಾಡಿ. ಅದಕ್ಕೆ ಏರ್‌ಲಿಫ್ಟ್ ಅಂತ ಒಂದು ಉದ್ದ ಪೈಪು. ಅದರ ಕೆಳತುದಿಗೆ ಗಾಳಿ ಬಿಟ್ಟರೆ ಗುಳ್ಳೆ ಮೇಲೇರುತ್ತಾ ಹಿಗ್ಗುತ್ತದೆ, ತನ್ನ ಜೊತೆ ನೀರು ಮರಳು ಎಳೆದುಕೊಂಡು ಹೋಗುತ್ತದೆ. ಶ್ವಾಸಕೋಶ ಹರಿಯುವ ಅದೇ ಗುಳ್ಳೆ, ಇಲ್ಲಿ ಕೂಲಿ ಕೆಲಸ ಮಾಡುತ್ತದೆ.

ಇನ್ನು ಆಳದ ಮಾತು. ಮಾಮೂಲಿ ಸ್ಕೂಬಾದ, ಅಂದರೆ ಸಿಲಿಂಡರ್ ಕಟ್ಟಿಕೊಂಡು ಇಳಿಯುವ ಡೈವಿಂಗ್‌ನ ಎಲ್ಲೆ 40 ಮೀಟರ್. 30 ದಾಟಿದರೆ ಸಾರಜನಕವೇ ತಲೆಗೆ ಏರಿ ಅಮಲು ಬಂದ ಹಾಗೆ ಆಗುತ್ತದೆ, ಗೇಜು ನೋಡಿದರೂ ಅರ್ಥ ಆಗುವುದಿಲ್ಲ. ಹಾಗಾದರೆ ಸಾವಿರಾರು ಮೀಟರ್ ಹೋಗುವುದು ಹೇಗೆ? ಇರುವುದು ಎರಡೇ ದಾರಿ. ಒಂದು, ನಿಮ್ಮ ಮೈಯನ್ನೇ ಆ ಒತ್ತಡಕ್ಕೆ ಒಪ್ಪಿಸುವುದು, ಇಲ್ಲಿಯವರೆಗೆ ಹೇಳಿದ್ದೆಲ್ಲ ಅದೇ. ಇನ್ನೊಂದು, ಮೇಲಿನ ಗಾಳಿಯನ್ನೇ ಒಂದು ಗಟ್ಟಿ ಗೋಳದಲ್ಲಿ ತುಂಬಿಕೊಂಡು ಹೋಗುವುದು. ಗೋಳದೊಳಗೆ ಈ ಹಾಲ್‌ನಲ್ಲಿ ಇರುವಷ್ಟೇ ಒತ್ತಡ, ಸಾರಜನಕದ ಕಾಟವೇ ಇಲ್ಲ, ಬರುವಾಗ ನಿಂತು ನಿಂತು ಬರಬೇಕಾಗಿಲ್ಲ. 1960ರ ಜನವರಿ 23ರಂದು ಜಾಕ್ ಪಿಕಾರ್ ಮತ್ತು ಡಾನ್ ವಾಲ್ಶ್ ಹೀಗೇ ಟ್ರಿಯೆಸ್ಟ್ ಎಂಬ ವಾಹನದಲ್ಲಿ ಪೆಸಿಫಿಕ್ ಸಾಗರದ ತೀರಾ ಆಳದ ಜಾಗ ಮುಟ್ಟಿ ಬಂದರು, ಹತ್ತಿರ ಹತ್ತಿರ 11 ಕಿಲೋಮೀಟರ್.

ನಮ್ಮ ದೇಶದ ಆಳ ಸಮುದ್ರದ ವಾಹನ ಮತ್ಸ್ಯ 6000 ಅದೇ ದಾರಿಯದು. ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ಮಾಡುತ್ತಿದೆ. ಮೂರು ಜನ, 6000 ಮೀಟರ್ ಆಳ, 12 ಗಂಟೆ ಕೆಲಸ. ಕೆಟ್ಟರೆ ಇರಲಿ ಅಂತ 96 ಗಂಟೆ ಉಸಿರಾಡುವ ಏರ್ಪಾಡು. ಅಂದರೆ ಇಲ್ಲೂ ಹೋಗುವ ಹೊತ್ತಿಗಿಂತ ಎಂಟು ಪಟ್ಟು ಯೋಚನೆ ವಾಪಸ್ ಬರುವುದರ ಬಗ್ಗೆ! 6000 ಮೀಟರಿನಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 600 ಕಿಲೋ ಭಾರ. ಅದನ್ನು ತಡೆಯಲು 2.1 ಮೀಟರ್ ಅಗಲದ ಟೈಟಾನಿಯಂ ಗೋಳ, ಗೋಡೆಯ ದಪ್ಪ 80 ಮಿಲಿಮೀಟರ್. ಅಷ್ಟು ದಪ್ಪದ ಟೈಟಾನಿಯಂ ಬೆಸುಗೆ ಸಾಮಾನ್ಯ ಕೆಲಸವಲ್ಲ, ಇಸ್ರೋ ಕೈಜೋಡಿಸಿದೆ. 2025ರ ಆಗಸ್ಟಿನಲ್ಲಿ ನಮ್ಮ ಇಬ್ಬರು ಫ್ರಾನ್ಸಿನ ನಾಟಿಲ್ ವಾಹನದಲ್ಲಿ ಅಟ್ಲಾಂಟಿಕ್ ಸಾಗರದಲ್ಲಿ ಇಳಿದು ಅಭ್ಯಾಸ ಮಾಡಿ ಬಂದಿದ್ದಾರೆ, ಒಬ್ಬರು 4025 ಮೀಟರ್, ಇನ್ನೊಬ್ಬರು 5002 ಮೀಟರ್. ಭೌತಶಾಸ್ತ್ರ, ಮೆಕ್ಯಾನಿಕಲ್ ಓದುವವರೇ, ಇದು ನಿಮಗೆ ಕೆಲಸ ಇರುವ ಜಾಗ.

ಕೊನೆಗೆ ಮಕ್ಕಳು ಪ್ರಶ್ನೆ ಕೇಳಿದರು. ಈಜು ಬರದವರು ಇಳಿಯಬಹುದಾ? ತರಬೇತುದಾರರು ಹಿಡಿದುಕೊಂಡೇ ಮಾಡಿಸುವ ಮೊದಲ ಡೈವ್ ಮಾಡಬಹುದು. ಕೋರ್ಸ್ ಮಾಡಲು ಈಜು ಬರಲೇಬೇಕು, ಬಂದರೇನೇ ಧೈರ್ಯ. ನೆಗಡಿ ಇದ್ದರೆ? ಬೇಡವೇ ಬೇಡ, ಕಿವಿ ಸಮ ಆಗುವುದಿಲ್ಲ. ಆಸ್ತಮಾ ಇದ್ದರೆ ಡೈವಿಂಗ್ ಗೊತ್ತಿರುವ ಡಾಕ್ಟರ್ ಹೇಳದೆ ಇಳಿಯಬೇಡಿ, ಫಾರ್ಮಿನಲ್ಲಿ ಮುಚ್ಚಿಟ್ಟು ಸಹಿ ಹಾಕಬೇಡಿ.

ಮುಂದಿನ ಸಾಲಿನ ಹುಡುಗನೊಬ್ಬ, "ಸರ್, ನನ್ನ ಅಣ್ಣ ಬೆಂಗಳೂರಲ್ಲಿದ್ದಾನೆ. ಭಾನುವಾರ ಬೆಳಿಗ್ಗೆ ನೇತ್ರಾಣಿ ಮುಗಿಸಿ ಸಂಜೆ ಬಸ್ಸಿಗೆ ಹೋಗ್ತೀನಿ ಅಂತಾನೆ. ತೊಂದರೆ ಇಲ್ವಾ?" ಅಂದ. ಅವತ್ತು ಬಂದ ಪ್ರಶ್ನೆಗಳಲ್ಲಿ ಇದೇ ಒಳ್ಳೆಯದು. ಡೈವ್ ಮಾಡಿ ವಿಮಾನ ಹತ್ತಬಾರದು ಅಂತ ಎಲ್ಲರಿಗೂ ಗೊತ್ತು, ಘಾಟಿ ಹತ್ತುವುದನ್ನು ಯಾರೂ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಮೈಯಲ್ಲಿ ಇನ್ನೂ ಸಾರಜನಕ ಉಳಿದಿರುತ್ತದೆ, ಎತ್ತರಕ್ಕೆ ಹೋದಷ್ಟೂ ಹೊರಗಿನ ಒತ್ತಡ ಇಳಿಯುತ್ತದೆ, ಗುಳ್ಳೆಗೆ ಮತ್ತೆ ದಾರಿ. ವಿಮಾನಕ್ಕೆ ಅಂತ ಡೈವರ್‌ಗಳ ಸುರಕ್ಷತಾ ಸಂಸ್ಥೆ ಡ್ಯಾನ್ ಕೊಟ್ಟಿರುವ ಸಲಹೆ ಸುಮಾರು 600 ಮೀಟರ್ ಎತ್ತರದಿಂದಲೇ ಶುರುವಾಗುತ್ತದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲೆ. ಒಂದೇ ಡೈವ್ ಮಾಡಿದ್ದರೆ 12 ಗಂಟೆ, ಒಂದಕ್ಕಿಂತ ಜಾಸ್ತಿ ಅಥವಾ ದಿನವೂ ಮಾಡಿದ್ದರೆ 18 ಗಂಟೆ ಕಾಯಬೇಕು. ಆರೇಳು ಮೀಟರಿನಲ್ಲಿ ಅರ್ಧ ಗಂಟೆ ಇದ್ದು ಬಂದವನಿಗೆ ಅಪಾಯ ಬಹಳ ಕಡಿಮೆ, ಆದರೂ ಲೆಕ್ಕ ಲೆಕ್ಕವೇ. ಆ ಹುಡುಗನಿಗೆ ಹೇಳಿದೆ: ನಿನ್ನ ಅಣ್ಣನಿಗೆ ಶನಿವಾರವೇ ಡೈವ್ ಮಾಡಲು ಹೇಳು. ರಾತ್ರಿ ನಿಮ್ಮ ಮನೆಯಲ್ಲೇ ಉಳಿಯಲಿ, ಚೆನ್ನಾಗಿ ನೀರು ಕುಡಿಯಲಿ, ಭಾನುವಾರ ಮಧ್ಯಾಹ್ನ ಊಟ ಮಾಡಿಕೊಂಡು ಹೊರಡಲಿ.